ಹಿತ್ತಿಲಲ್ಲಿ ಉಕ್ಕಿನ ಹಾಯಿದೋಣಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಅಮೆರಿಕದ ಒಕ್ಲಹೋಮಾ ರಾಜ್ಯದ ತುಲ್ಸಾ ನಗರದಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಅಲ್ಲಿನ ದಂಪತಿಯೊಬ್ಬರು ಮನೆಯ ಬಳಿಯ ಜಾಗದಲ್ಲಿ, ಬಂದು ಕೈಜೋಡಿಸಿದ ಸ್ವಯಂಸೇವಕರ ನೆರವಿನಿಂದ, 74 ಅಡಿ ಉದ್ದದ ‘ಸೀಕರ್’ ಎಂಬ ಉಕ್ಕಿನ ಹಾಯಿಹಡಗನ್ನು ವರ್ಷಗಟ್ಟಲೆ ದುಡಿದು ಕಟ್ಟಿದರು. ಆಮೇಲೆ ಅದನ್ನು ರಸ್ತೆಯ ಮೇಲೆ ಕಟೂಸಾದ ಒಳನಾಡು ಬಂದರಿಗೆ ಸಾಗಿಸಿ ನೀರಿಗಿಳಿಸಿದರು. ಅಲ್ಲಿಂದ ಅರ್ಕನ್ಸಾ ನದಿಯ ಜಲಮಾರ್ಗವು ಮಿಸಿಸಿಪ್ಪಿಯನ್ನು ಕೂಡಿ ಮೆಕ್ಸಿಕೊ ಕೊಲ್ಲಿಯವರೆಗೂ ಒಯ್ಯುತ್ತದೆ. ಇಂಥ ಸಾಹಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ‘ನನಗೆ ಅಷ್ಟು ಒಳ್ಳೆಯ ವೆಲ್ಡಿಂಗ್ ಬರುತ್ತದೆಯೇ?’ ಎಂಬುದು. ವೆಲ್ಡಿಂಗನ್ನು ಕೆಲವು ತಿಂಗಳ ಅಭ್ಯಾಸದಿಂದ ಕಲಿಯಬಹುದು. ದೋಣಿ ಕೆಡುವುದು ಹೆಚ್ಚಾಗಿ ಕೆಲಸಗಳ ಕ್ರಮ ತಪ್ಪಿದಾಗ.

ಉಕ್ಕನ್ನೇ ಏಕೆ ಆರಿಸಬೇಕು ಎಂಬುದಕ್ಕೆ ‘ಜೋಶುವಾ’ ದೋಣಿಯ ಚರಿತ್ರೆ ಸಾಕು. ಫ್ರೆಂಚ್ ನಾವಿಕ ಬರ್ನಾರ್ ಮೊಯ್ತೆಸಿಯೆ 1968–69ರಲ್ಲಿ ಎಲ್ಲೂ ನಿಲ್ಲದೆ ಭೂಮಿಯನ್ನು ಸುಮಾರು ಒಂದೂವರೆ ಸುತ್ತು ಸುತ್ತಿದ, ಸುಮಾರು 12 ಮೀಟರ್ ಉದ್ದದ ಆ ದೋಣಿಯ ಒಡಲು ತಯಾರಾದದ್ದು ಹಡಗುಕಟ್ಟೆಯಲ್ಲಲ್ಲ, ಫ್ರಾನ್ಸಿನ ಒಳನಾಡಿನಲ್ಲಿ ಬಾಯ್ಲರ್ ಕೆಲಸ ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ. 1982ರಲ್ಲಿ ಮೆಕ್ಸಿಕೊದ ಕಾಬೊ ಸಾನ್ ಲುಕಾಸ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ದಡಕ್ಕೆ ಅಪ್ಪಳಿಸಿದರೂ ಅದು ಒಡೆದುಹೋಗಲಿಲ್ಲ. ನೆಗ್ಗಿದ ಒಡಲನ್ನು ರಿಪೇರಿ ಮಾಡಿ ಮತ್ತೆ ಕಡಲಿಗೆ ಇಳಿಸಲಾಯಿತು. ಈಗ ಅದು ಲಾ ರೋಶೆಲ್‌ನ ಸಾಗರ ವಸ್ತುಸಂಗ್ರಹಾಲಯದ ಆಸ್ತಿ.

ನಕ್ಷೆ, ಜಾಗ, ಹೊರಹೋಗುವ ದಾರಿ

ದೋಣಿಯ ವಿನ್ಯಾಸವನ್ನು ಸ್ವಂತ ಬುದ್ಧಿಯಿಂದ ಮಾಡಲು ಹೋಗಬಾರದು. ಅದೇ ನಕ್ಷೆಯಿಂದ ಕಟ್ಟಿದ ದೋಣಿಗಳು ಈಗಾಗಲೇ ಕಡಲಿನಲ್ಲಿ ಓಡಾಡುತ್ತಿರುವಂಥ ನಕ್ಷೆಯನ್ನೇ ಕೊಳ್ಳಬೇಕು. ದುಂಡನೆಯ ಒಡಲಿಗೆ ತಗಡನ್ನು ಎರಡು ದಿಕ್ಕಿಗೂ ಬಾಗಿಸಬೇಕಾಗುತ್ತದೆ, ಅದಕ್ಕೆ ರೋಲಿಂಗ್ ಯಂತ್ರ ಬೇಕು. ಹವ್ಯಾಸಿಗಳಿಗೆ ಚಪ್ಪಟೆ ಪಟ್ಟಿಗಳು ಏಣುಗಳಲ್ಲಿ ಕೂಡುವ ಒಡಲೇ ಅನುಕೂಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ, ಚೌಕಟ್ಟನ್ನೇ ನಿಲ್ಲಿಸದೆ, ಕತ್ತರಿಸಿದ ತಗಡುಗಳನ್ನು ಕಾಗದದಂತೆ ಮಡಿಸಿ ಎಳೆದು ಕೂಡಿಸುವ ವಿಧಾನವೂ ಬಳಕೆಗೆ ಬಂದಿದೆ. ಸಮಯ ಉಳಿಯುತ್ತದೆ ನಿಜ, ಆದರೆ ಅದಕ್ಕೆಂದೇ ರಚಿಸಿದ ನಕ್ಷೆ ಇಲ್ಲದೆ ಆ ದಾರಿ ಹಿಡಿಯಬಾರದು.

12 ಮೀಟರ್ ಆಸುಪಾಸಿನ ದೋಣಿಗೆ ಒಡಲಿನ ತಗಡು ಸಾಮಾನ್ಯವಾಗಿ 4 ಮಿ.ಮೀ., ಡೆಕ್ಕಿನದು 3 ಮಿ.ಮೀ. ದಪ್ಪವಿರುತ್ತದೆ, ಒಡಲಿನ ಅಡಿಯಲ್ಲಿ ಕೆಳಕ್ಕೆ ಚಾಚಿಕೊಂಡಿರುವ ಟೊಳ್ಳು ಭಾಗವಾದ ಕೀಲ್‌ನ ತಳಕ್ಕೆ ಇದಕ್ಕಿಂತ ಬಹಳ ದಪ್ಪದ ಪ್ಲೇಟು ಬೇಕು. ‘ಗಟ್ಟಿಯಾಗಿರಲಿ’ ಎಂದು ಡೆಕ್ಕಿಗೂ 5 ಮಿ.ಮೀ. ಹಾಕುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಮಲ್ಪೆ, ಮಂಗಳೂರು ದಕ್ಕೆಗಳ ಉಕ್ಕಿನ ಟ್ರಾಲರ್ ಬೋಟುಗಳನ್ನು ನೋಡಿದವರಿಗಂತೂ ಅದು ಸಹಜ. ಆದರೆ ಹಾಯಿದೋಣಿ ಗಾಳಿಗೆ ವಾಲಿ ಮತ್ತೆ ನೆಟ್ಟಗಾಗಬೇಕಾದದ್ದು; ಮೇಲ್ಭಾಗದಲ್ಲಿ ಸೇರಿದ ಪ್ರತಿ ಕಿಲೊ ಆ ಶಕ್ತಿಯನ್ನು ಕುಂದಿಸುತ್ತದೆ. 1 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಉಕ್ಕು 7.85 ಕಿಲೊ ತೂಗುತ್ತದೆ ಎಂಬ ಲೆಕ್ಕವನ್ನು ಶೆಡ್ಡಿನ ಗೋಡೆಯ ಮೇಲೆಯೇ ಬರೆದಿಟ್ಟುಕೊಳ್ಳುವುದು ಒಳಿತು. ಇದೇ ಲೆಕ್ಕದಂತೆ 6 ಮೀಟರ್ ಉದ್ದ, 1.5 ಮೀಟರ್ ಅಗಲದ 4 ಮಿ.ಮೀ. ತಗಡು ಸುಮಾರು 283 ಕಿಲೊ ಆಗುವುದರಿಂದ, ಶೆಡ್ಡಿನಲ್ಲಿ ಓಡಾಡುವ ಒಂದು ಗ್ಯಾಂಟ್ರಿ (ಭಾರ ಎತ್ತುವ ಚಕ್ರದ ಚೌಕಟ್ಟು) ಮತ್ತು ಚೈನ್ ಪುಲ್ಲಿ ವೆಲ್ಡಿಂಗ್ ಮಷಿನ್ನಿನಷ್ಟೇ ಅಗತ್ಯ.

ಮುಗಿದ ದೋಣಿ ಯಾವ ಗೇಟಿನಿಂದ, ಯಾವ ವಿದ್ಯುತ್ ತಂತಿಗಳ ಕೆಳಗಿನಿಂದ ಹೊರಗೆ ಹೋಗಬೇಕು ಎಂಬುದನ್ನು ಮೊದಲ ತಗಡು ತರುವ ಮುನ್ನವೇ ಟೇಪು ಹಿಡಿದು ಅಳೆಯಬೇಕು.

ಕೈ ಪಳಗಿಸುವುದು

ಗಾಳಿಯಾಡುವ ಹಿತ್ತಿಲಿನಲ್ಲಿ ಮಿಗ್ ವೆಲ್ಡಿಂಗಿನಲ್ಲಿ (ತಂತಿಯನ್ನು ಕರಗಿಸುತ್ತ ಬೆಸೆಯುವ ವಿಧಾನ) ಬೆಸುಗೆಯನ್ನು ಕಾಯುವ ರಕ್ಷಕ ಅನಿಲ ಹಾರಿಹೋಗಿ ಬೆಸುಗೆಯೊಳಗೆ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಮುಚ್ಚಿದ ಶೆಡ್ ಇಲ್ಲದವರಿಗೆ ರಾಡ್ ವೆಲ್ಡಿಂಗೇ ಭರವಸೆಯದು. ಇ-6013 ರಾಡು ಕಲಿಯಲು ಸುಲಭ. ಹೆಚ್ಚು ಬಲ ಬೀಳುವ ಕಡೆಗೆ ಇ-7018 ಬಳಸುತ್ತಾರೆ. ಈ ಎರಡನೆಯದು ತೇವ ಹೀರಿದರೆ ಬೆಸುಗೆಯಲ್ಲಿ ಹೈಡ್ರೋಜನ್ ಸೇರಿ ಬಿರುಕಿಗೆ ದಾರಿಯಾಗುವುದರಿಂದ, ಒಡೆದ ಪ್ಯಾಕೆಟ್ಟನ್ನು ಬೆಚ್ಚನೆಯ ರಾಡ್ ಓವನ್ನಿನಲ್ಲಿ ಇಡಬೇಕೇ ಹೊರತು ಬೆಂಚಿನ ಮೇಲೆ ಬಿಡಬಾರದು. ಅಭ್ಯಾಸಕ್ಕೆ ದೋಣಿಗೆ ತಂದ ದಪ್ಪದ ತಗಡಿನದೇ ತುಂಡುಗಳನ್ನು ಕೂಡಿಸಿ, ತಣಿದ ಮೇಲೆ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಡಿದು ಬಾಗಿಸಬೇಕು. ಬೆಸುಗೆ ಸೀಳದೆ ತಗಡೇ ಬಾಗಿದರೆ ಆ ಕೈ ದೋಣಿಗೆ ಸಿದ್ಧ. ಮಟ್ಟಸ ಬೆಸುಗೆ, ನೆಟ್ಟಗಿನ ಬೆಸುಗೆ, ತಲೆಯ ಮೇಲಿನ ಬೆಸುಗೆ, ಮೂರನ್ನೂ ಹೀಗೆಯೇ ಪರೀಕ್ಷಿಸಬೇಕು. ಒಡಲನ್ನು ಬೋರಲಾಗಿ ಕಟ್ಟಿದರೆ ಹೊರಗಿನ ಬೆಸುಗೆಯ ಬಹುಪಾಲು ಮಟ್ಟಸವಾಗಿಯೇ ಸಿಗುತ್ತದೆ ಎಂಬ ಕಾರಣಕ್ಕೆ ಹೊಸಬರು ಆ ವಿಧಾನವನ್ನು ಮೆಚ್ಚುತ್ತಾರೆ. ಅದಕ್ಕೆ ಪ್ರತಿಯಾಗಿ ಟನ್ನುಗಟ್ಟಲೆ ತೂಕದ ಒಡಲನ್ನು ಕ್ರೇನ್ ತರಿಸಿ ಮಗುಚುವ ದಿನವೊಂದನ್ನು ಎದುರಿಸಬೇಕಾಗುತ್ತದೆ.

ತಗಡು ಹೊದಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಘಟ್ಟ ಇದು. ಕಾಯಿಸಿದ ಉಕ್ಕು ಹಿಗ್ಗುತ್ತದೆ, ಆದರೆ ಸುತ್ತಲಿನ ತಣ್ಣನೆಯ ಉಕ್ಕು ಅದನ್ನು ಹಿಗ್ಗಲು ಬಿಡುವುದಿಲ್ಲ. ಮೆತ್ತಗಾದ ಭಾಗ ತನ್ನೊಳಗೇ ಅಮುಕಿಕೊಂಡು, ತಣಿಯುವಾಗ ಮೊದಲಿಗಿಂತ ಗಿಡ್ಡವಾಗುತ್ತದೆ. ಪ್ರತಿಯೊಂದು ಬೆಸುಗೆಯೂ ಹೀಗೆ ತನ್ನ ಅಕ್ಕಪಕ್ಕದ ತಗಡನ್ನು ಎಳೆಯುತ್ತದೆ. ಚೌಕಟ್ಟಿನ ಅಡ್ಡಪಟ್ಟಿಗಳಿಗೆ ತಗಡನ್ನು ಉದ್ದಕ್ಕೂ ಬಿಡದೆ ಬೆಸೆದರೆ, ಬಣ್ಣ ಬಳಿದ ಮೇಲೆ ದೋಣಿ ಮೇವಿಲ್ಲದೆ ಪಕ್ಕೆಲುಬು ಎದ್ದ ಎತ್ತಿನಂತೆ ಕಾಣುತ್ತದೆ.

ಆದ್ದರಿಂದ ಮೊದಲು ಚೌಕಟ್ಟುಗಳನ್ನು ಕದಲದ ಅಡಿಪಾಯದ ಮೇಲೆ ನಿಲ್ಲಿಸಿ, ಮಧ್ಯರೇಖೆಗೆ ಬಿಗಿಯಾದ ತಂತಿ ಎಳೆದು, ಎಡಬಲಗಳ ಅಳತೆ ತಾಳೆ ನೋಡಬೇಕು. ಎಡಕ್ಕೆ ಒಂದು ತಗಡು ಹಾಕಿದರೆ ಬಲಕ್ಕೂ ಅದರ ಜೋಡಿ ಕೂರಬೇಕು. ಇಡೀ ಒಡಲು ಪೂರ್ತಿ ಹೊದಿಯುವವರೆಗೆ ಅಲ್ಲಲ್ಲಿ ಟ್ಯಾಕ್ (ತಗಡನ್ನು ಹಿಡಿದಿಡುವ ಚುಕ್ಕೆ ಬೆಸುಗೆ) ಮಾತ್ರ ಕೊಟ್ಟಿರಬೇಕು, ಪೂರ್ಣ ಬೆಸುಗೆ ಯಾವ ಕಡೆಯೂ ಬೇಡ. ಹೊದಿಕೆ ಮುಗಿದ ಮೇಲೆ ತಗಡು ತಗಡು ಕೂಡುವ ಜೋಡುಗಳನ್ನು ಮುಕ್ಕಾಲು ಗೇಣಿನಷ್ಟರ ತುಂಡುಗಳಲ್ಲಿ, ಒಂದು ತುಂಡು ಎಡಬದಿಗೆ, ಅದರ ಸರಿಜೋಡಿ ಬಲಬದಿಗೆ, ಮತ್ತೊಂದು ದೂರದ ಮೂಲೆಗೆ ಎಂಬಂತೆ ಜಿಗಿಯುತ್ತ ಬೆಸೆಯಬೇಕು. ಬೆಸೆದ ಜಾಗಕ್ಕೆ ಕೈಯಿಟ್ಟರೆ ಸುಡುತ್ತಿದೆ ಎಂದಾದರೆ ಅದರ ಪಕ್ಕದಲ್ಲಿ ಆ ಹೊತ್ತು ಕೆಲಸವಿಲ್ಲ. ಹೊರಗಿನ ಬೆಸುಗೆ ಆದ ಮೇಲೆ ಒಳಗಿನಿಂದ ಗ್ರೈಂಡರಿನಲ್ಲಿ ಹೊಳೆಯುವ ಉಕ್ಕು ಕಾಣುವವರೆಗೆ ಕೊರೆದು, ಸ್ಲ್ಯಾಗಿನ (ರಾಡಿನ ಲೇಪ ಕರಗಿ ಉಳಿಯುವ ಕಿಟ್ಟ) ಕಪ್ಪು ಗೆರೆ ಒಂದೂ ಉಳಿಯದಂತೆ ನೋಡಿಕೊಂಡು, ಒಳಬದಿಯನ್ನೂ ಬೆಸೆಯಬೇಕು. ಚೌಕಟ್ಟಿಗೆ ತಗಡನ್ನು ಅಂಟಿಸುವ ಬೆಸುಗೆಯಾದರೋ ನಕ್ಷೆಯಲ್ಲಿ ಹೇಳಿದಷ್ಟೇ, ಬಿಟ್ಟು ಬಿಟ್ಟು ಹಾಕುವಂಥದ್ದು. ಅದಕ್ಕಿಂತ ಹೆಚ್ಚು ಹಾಕಿ ಬಲ ಸೇರಿಸಿದೆ ಎಂದುಕೊಳ್ಳುವುದು ಭ್ರಮೆ.

ಜೋಡುಗಳಲ್ಲಿ ನೀರು ಸೋರುತ್ತದೆಯೇ ಎಂದು ತಿಳಿಯಲು ಟ್ಯಾಂಕ್ ಕಟ್ಟುವವರ ಹಳೆಯ ಉಪಾಯವೇ ಸಾಕು. ಒಂದು ಬದಿಗೆ ಸೀಮೆಸುಣ್ಣದ ತೆಳು ಸಾರಣೆ ಮಾಡಿ ಒಣಗಿಸಿ, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚಿ ಕಾಯಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಬಿಳಿಯ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ಅಲ್ಲಿ ಮೇಲಿಂದ ಮೇಲೆ ಇನ್ನೊಂದು ಪದರ ಎಳೆಯದೆ, ಎಣ್ಣೆಯನ್ನು ಪೂರ್ತಿ ಒರೆಸಿ ಒಣಗಿಸಿ, ಆ ಭಾಗವನ್ನು ಕೊರೆದು ತೆಗೆದು ಹೊಸದಾಗಿ ಬೆಸೆಯಬೇಕು.

ಕೀಲ್‌ನೊಳಗೆ ಇಳಿದು ಕೆಲಸ ಮಾಡುವಾಗ ಒಂದು ಎಚ್ಚರ. ವೆಲ್ಡಿಂಗಿನ ರಕ್ಷಕ ಅನಿಲಗಳಾದ ಆರ್ಗಾನ್, ಇಂಗಾಲದ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ತುಂಬಿಕೊಂಡು, ಆರ್ಗಾನ್ ಆದರೆ ವಾಸನೆಯ ಸುಳಿವೂ ಕೊಡದೆ, ಉಸಿರುಗಟ್ಟಿಸುತ್ತವೆ. ಫ್ಯಾನ್ ಹಾಕಿ ಗಾಳಿ ಊದುತ್ತಿರಬೇಕು, ಹೊರಗೆ ಇನ್ನೊಬ್ಬರು ಇರಲೇಬೇಕು. ಜಿಂಕ್ ಲೇಪಿತ ಪೈಪನ್ನು ಹಾಗೆಯೇ ಬೆಸೆದರೆ ಬರುವ ಹೊಗೆ ಜ್ವರ ತರುತ್ತದೆ. ಲೇಪವನ್ನು ಮೊದಲು ತೆಗೆಯಬೇಕು.

ಬಣ್ಣಕ್ಕೆ ಮೊದಲು

ಉಕ್ಕಿನ ದೋಣಿಗೆ ತುಕ್ಕು ಹೆಚ್ಚಾಗಿ ಒಳಗಿನಿಂದ ಹಿಡಿಯುತ್ತದೆ. ನೀರು ನಿಲ್ಲುವ ಮೂಲೆ ಎಲ್ಲೂ ಇರದಂತೆ, ಅಡ್ಡಪಟ್ಟಿಗಳ ತಳದಲ್ಲಿ ನೀರು ಹರಿಯುವ ಕಂಡಿಗಳನ್ನು ಕಟ್ಟುವಾಗಲೇ ಬಿಟ್ಟಿರಬೇಕು. ಹೊಸ ತಗಡಿನ ಮೇಲಿನ ನೀಲಿಗಪ್ಪು ಪೊರೆಯನ್ನು ರಕ್ಷಣೆ ಎಂದು ಭಾವಿಸಿ ಉಳಿಸುವವರಿದ್ದಾರೆ. ಕಡಲ ನೀರಿನಲ್ಲಿ ಆ ಪೊರೆ ಬಿರಿದ ಕಡೆಯಲ್ಲೇ ಉಕ್ಕು ವೇಗವಾಗಿ ಗುಳಿಬೀಳುತ್ತದೆ. ಬ್ಲಾಸ್ಟಿಂಗ್ ಮಾಡಿ (ಒರಟು ಪುಡಿಯನ್ನು ಗಾಳಿಯ ಒತ್ತಡದಿಂದ ಎರಚಿ ಉಜ್ಜಿ) ಬೂದು ಬಣ್ಣದ ಶುದ್ಧ ಉಕ್ಕು ಬಂದ ದಿನವೇ, ಕತ್ತಲಾಗುವುದಕ್ಕೆ ಮುಂಚೆ, ಎಪಾಕ್ಸಿ ಪ್ರೈಮರ್ ಬೀಳಬೇಕು. ಉಕ್ಕಿನ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ತಾಪಮಾನ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಹಾಗಾಗಿ ಒಂದು ದಿನದಲ್ಲಿ ಬಳಿದು ಮುಗಿಸುವಷ್ಟನ್ನೇ ಬ್ಲಾಸ್ಟ್ ಮಾಡುವುದು ಜಾಣತನ.

ಇದಕ್ಕೂ ಮೊದಲು ಪ್ರತಿಯೊಂದು ಬೆಸುಗೆ ಮುಗಿದಿರಬೇಕು: ಕೂವೆಯ ಹಗ್ಗಗಳಿಗೆ ಆಧಾರವಾಗುವ ಪ್ಲೇಟುಗಳು, ಎಂಜಿನ್ ಪೀಠ, ಒಳಗಿನ ಮರಗೆಲಸಕ್ಕೆ ಬೇಕಾದ ಸಣ್ಣ ಪಟ್ಟಿಗಳು, ಕಂಬಿಯ ಗೂಟಗಳು, ಎಲ್ಲವೂ. ಒಳಗೆ ಪಾಲಿಯುರೆಥೇನ್ ಫೋಮ್ ಸಿಂಪಡಿಸಿದ ಮೇಲೆ ಮರೆತುಹೋದ ಒಂದು ಕೊಂಡಿಗಾಗಿ ವೆಲ್ಡಿಂಗ್ ಹಚ್ಚಿದರೆ ಫೋಮ್ ಹೊತ್ತಿಕೊಂಡು ವಿಷದ ಹೊಗೆ ತುಂಬುತ್ತದೆ.

ತೂಕ, ಜಿಂಕ್, ನೀರು

ವಾಲಿದ ದೋಣಿಯನ್ನು ನೆಟ್ಟಗಾಗಿಸುವ ತೂಕಕ್ಕಾಗಿ ಕೀಲ್‌ನೊಳಗೆ ಸೀಸದ ಗಟ್ಟಿಗಳನ್ನು ಒತ್ತಾಗಿ ಜೋಡಿಸಿ ಸಂದುಗಳನ್ನು ತುಂಬುತ್ತಾರೆ. ಸೀಸವನ್ನು ಕರಗಿಸುವುದಾದರೆ ಬಯಲಿನಲ್ಲಿ, ಸರಿಯಾದ ಮಾಸ್ಕ್ ಧರಿಸಿಯೇ ಮಾಡಬೇಕು. ಒದ್ದೆ ಗಟ್ಟಿಯೊಂದು ಕರಗಿದ ಸೀಸಕ್ಕೆ ಬಿದ್ದರೆ ನೀರು ಹಬೆಯಾಗಿ ಸಿಡಿಯುತ್ತದೆ. ಒಡಲಿನ ಹೊರಗೆ ನೀರಿನ ಮಟ್ಟದ ಕೆಳಗೆ ಜಿಂಕ್ ತುಂಡುಗಳನ್ನು ಕಟ್ಟಬೇಕು, ಅವುಗಳ ಮೇಲೆ ಮಾತ್ರ ಬಣ್ಣ ತಾಗಬಾರದು. ಉಕ್ಕಿನ ಬದಲಿಗೆ ಅವು ಸವೆಯಲೆಂದೇ ಇರುವುದು. ಸಿಹಿನೀರಿನಲ್ಲೇ ಇರುವ ದೋಣಿಗೆ ಜಿಂಕಿಗಿಂತ ಮೆಗ್ನೀಸಿಯಂ ಸೂಕ್ತ. ವಿದ್ಯುತ್ ವೈರಿಂಗಿನಲ್ಲಿ ಒಡಲನ್ನೇ ವಾಪಸ್ ತಂತಿಯಾಗಿ ಬಳಸಬಾರದು; ಸೋರುವ ವಿದ್ಯುತ್ತು ಉಕ್ಕನ್ನು ಬಹುಬೇಗ ತಿನ್ನುತ್ತದೆ.

ಲೆಕ್ಕದ ಸೀಸವನ್ನೆಲ್ಲ ಒಮ್ಮೆಲೇ ಹಾಕಿ ಮುಚ್ಚಳ ಬೆಸೆದುಬಿಡದೆ, ಸ್ವಲ್ಪ ಭಾಗವನ್ನು ಬಿಡಿಬಿಡಿಯಾಗಿ ಉಳಿಸಿಕೊಂಡಿರಬೇಕು. ಹವ್ಯಾಸಿಗಳು ಕಟ್ಟಿದ ದೋಣಿ ನಕ್ಷೆಯಲ್ಲಿ ಗುರುತಿಸಿದ ಗೆರೆಗೆ ಸರಿಯಾಗಿ ತೇಲುವುದು ಅಪರೂಪ. ನೀರಿಗಿಳಿಸಿದ ಮೇಲೆ, ಕ್ರೇನಿನ ಪಟ್ಟಿಗಳನ್ನು ಕಳಚುವ ಮುನ್ನ ಕೀಲ್‌ನ ಒಳಗೆಲ್ಲ ಟಾರ್ಚ್ ಬಿಟ್ಟು ಸೋರಿಕೆ ನೋಡಬೇಕು. ಆಮೇಲೆ ಮೂತಿ ತಗ್ಗಿದೆಯೋ ಹಿಂಬದಿ ತಗ್ಗಿದೆಯೋ ಅಳೆದು, ಉಳಿಸಿಟ್ಟ ಸೀಸವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ, ದೋಣಿ ಮಟ್ಟವಾಗಿ ನಿಂತ ನಂತರ ಆ ಗಟ್ಟಿಗಳನ್ನು ಕದಲದಂತೆ ಬಿಗಿಯಬೇಕು.