ಕಿರ್ದಿ ಪುಸ್ತಕದಿಂದ ಚಾಸರ್ ಪಾಠ: ನನ್ನ ಅನುಭವ

ಬಿ.ಎ. ತರಗತಿಗೆ ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರನ ಪಾಠ ಮಾಡಿದವರಿಗೆ ಆ ಕಷ್ಟ ಗೊತ್ತೇ ಇದೆ. 'ಇಂಗ್ಲಿಷ್ ಕಾವ್ಯದ ಪಿತಾಮಹ' ಎಂದು ಬರೆಸಿ, ಕ್ಯಾಂಟರ್ಬರಿಗೆ ಹೊರಟ ಯಾತ್ರಿಕರ ಕಥೆಗಳಾದ 'ಕ್ಯಾಂಟರ್ಬರಿ ಟೇಲ್ಸ್' ಕಾವ್ಯದಲ್ಲಿ ಆ ಯಾತ್ರಿಕರನ್ನು ಪರಿಚಯಿಸುವ ಪ್ರೊಲಾಗ್‌ನ ಮೊದಲ ಹದಿನೆಂಟು ಸಾಲು ಓದಿ, ಉಳಿದದ್ದಕ್ಕೆ ಗೈಡು ನೋಡಿಕೊಳ್ಳಿ ಎನ್ನುತ್ತೇವೆ. ಕವಿತೆಯನ್ನು ಮುಚ್ಚಿಟ್ಟು ಮೊದಲು ಅವನ ಲೆಕ್ಕಪತ್ರ ಓದಿಸುತ್ತೇನೆ ಎಂದಾಗ ವಿಭಾಗದಲ್ಲಿ ನಕ್ಕರು. 'ಕಾಮರ್ಸ್‌ಗೆ ವರ್ಗ ಮಾಡಿಸಿಕೊಳ್ಳಿ ಸಾರ್' ಎಂದರು ಒಬ್ಬರು.

ಅದಕ್ಕೂ ಮೊದಲು ಸುರಿದ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ. ಪ್ರೊಜೆಕ್ಟರ್ ಬಾಡಿಗೆ, ಬಣ್ಣದ ಚಿತ್ರಗಳು, ಪದಗಳ ಅರ್ಥದ ಜೆರಾಕ್ಸು, ಎಲ್ಲ ಸೇರಿ ಆರೇಳು ಸಾವಿರ ಸ್ವಂತ ಜೇಬಿನಿಂದ. ಪರದೆಯ ಮೇಲೆ ಕ್ಯಾಂಟರ್ಬರಿ ಮೂಡುವಷ್ಟರಲ್ಲಿ ಹಿಂದಿನ ಬೆಂಚು ಗೊರಕೆ ಹೊಡೆಯುತ್ತಿತ್ತು.

ಈಗ ಖರ್ಚು ಇನ್ನೂರು ರೂಪಾಯಿ ಇರಬಹುದು, ಬರೀ ರಟ್ಟಿನ ಚೀಟಿಗಳು. ಒಂದೊಂದರಲ್ಲಿ ಒಂದು ದಾಖಲೆ. 1357: ಅಲ್ಸ್ಟರ್ ಕೌಂಟೆಸ್ ಎಂಬ ಶ್ರೀಮಂತೆಯ ಮನೆಯ ಲೆಕ್ಕದಲ್ಲಿ ಹುಡುಗ ಚಾಸರನಿಗೆ ಗಿಡ್ಡ ಅಂಗಿ, ಕೆಂಪು-ಕಪ್ಪು ಕಾಲುಡುಪು, ಒಂದು ಜೊತೆ ಪಾದರಕ್ಷೆ. 1360: ಫ್ರಾನ್ಸಿನಲ್ಲಿ ಸೆರೆಸಿಕ್ಕವನ ಬಿಡುಗಡೆಗೆ ರಾಜ ಕೊಟ್ಟ 16 ಪೌಂಡು. 1374: ದಿನಕ್ಕೊಂದು ಗ್ಯಾಲನ್ ದ್ರಾಕ್ಷಾರಸ, ಆಲ್ಡ್‌ಗೇಟ್ ಹೆಬ್ಬಾಗಿಲ ಮೇಲೆ ಬಾಡಿಗೆಯಿಲ್ಲದ ಮನೆ, ಲಂಡನ್ ಬಂದರಿನಲ್ಲಿ ಉಣ್ಣೆ ಸುಂಕದ ಹುದ್ದೆ; ವರ್ಷಕ್ಕೆ 10 ಪೌಂಡು, ಲೆಕ್ಕ ಸ್ವಹಸ್ತದಲ್ಲೇ ಬರೆಯಬೇಕು. 1390: ಅರಮನೆ ಕಟ್ಟಡಗಳ ಉಸ್ತುವಾರಿಯಲ್ಲಿದ್ದಾಗ ದಾರಿಗಳ್ಳರು ದೋಚಿದ ಸರ್ಕಾರಿ ಹಣ. ಇಂಥ ನೂರಾರು ದಾಖಲೆ ಉಳಿದಿವೆ. ಅವುಗಳಲ್ಲಿ ಕಾಣುವವನು ನೌಕರ, ಕವಿಯಲ್ಲ.

ನಮ್ಮ ಹುಡುಗರು ಅಡಿಕೆ ಮಂಡಿ, ಕಿರಾಣಿ ಅಂಗಡಿಗಳ ಮನೆಯವರು. ಕಿರ್ದಿ ಓದುವುದನ್ನು ಅವರಿಗೆ ನಾನು ಕಲಿಸಬೇಕೆ? 'ಸುಂಕದ ಕಟ್ಟೆಯಲ್ಲಿ ಹತ್ತೇ ಪೌಂಡಾ? ಗಿಂಬಳ ಎಷ್ಟು ಸಾರ್?' ಎಂಬ ಪ್ರಶ್ನೆ ಬಂದ ದಿನವೇ ಪ್ರೊಲಾಗ್ ತೆರೆದೆ. ಸಾಲ ಮುಚ್ಚಿಟ್ಟು ಮೆರೆಯುವ ವ್ಯಾಪಾರಿ, ಯಾವ ಆಡಿಟರಿಗೂ ಸಿಕ್ಕಿಬೀಳದ ರೀವ್ (ಜಮೀನ್ದಾರನ ಮೇಸ್ತ್ರಿ), ಬೀಸುವ ಕೂಲಿಯನ್ನು ಮೂರು ಪಟ್ಟು ವಸೂಲಿ ಮಾಡುವ ಗಿರಣಿಯವನು, ಯಾರನ್ನೂ ಪರಿಚಯಿಸಬೇಕಾಗಲಿಲ್ಲ. ಆ ಕಾಲದ ಇಂಗ್ಲಿಷ್ ತೊಡಕೆಂದು ಯಾರೂ ಗೊಣಗಲಿಲ್ಲ. ಚೀಟಿಗಳನ್ನು ಕೊಡುವ ಕ್ರಮದಲ್ಲೇ ಕೀಲಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಹುಚ್ಚು. ಚಾಸರ್ ಹತ್ತು ವರ್ಷದ ಮಗ ಲೂಯಿಸನಿಗಾಗಿ ಆಸ್ಟ್ರೋಲೇಬ್ ಎಂಬ, ಸೂರ್ಯ-ನಕ್ಷತ್ರಗಳ ಎತ್ತರ ಅಳೆಯುವ ಉಪಕರಣ ಬಳಸುವ ಬಗ್ಗೆ ಬರೆದ ಪುಸ್ತಕವಿದೆ. ಮದುವೆ ಕರೆಯೋಲೆಯ ರಟ್ಟು ಕತ್ತರಿಸಿ ಅಂಥದೊಂದು ಮಾಡಿದೆವು. ಅವನ ಲೆಕ್ಕ ಆಕ್ಸ್‌ಫರ್ಡಿನ ಅಕ್ಷಾಂಶಕ್ಕೆ, ನಮ್ಮದು ಹದಿಮೂರು-ಹದಿನಾಲ್ಕು ಡಿಗ್ರಿ. ಮುಂಭಾಗದ ತಟ್ಟೆ ಕೆಲಸಕ್ಕೆ ಬರಲಿಲ್ಲ; ಹಿಂಭಾಗದಿಂದ ನಕ್ಷತ್ರದ ಎತ್ತರ ಅಳೆದೆವು, ಎರಡು-ಮೂರು ಡಿಗ್ರಿ ಆಚೀಚೆ. ಪರೀಕ್ಷೆಗೆ ಬರುವ ವಿಷಯವಲ್ಲ, ಆದರೂ ಮುಂದಿನ ವರ್ಷ ಪ್ಲೈವುಡ್ಡಿನಲ್ಲಿ ಮಾಡುತ್ತೇನೆ.

ಕೊನೆಯ ಚೀಟಿ 1399ರದು. ಹೊಸ ರಾಜ ನಾಲ್ಕನೇ ಹೆನ್ರಿ ಚಾಸರನಿಗೆ ವರ್ಷಕ್ಕೆ 40 ಮಾರ್ಕ್ (ಒಂದು ಮಾರ್ಕ್ ಎಂದರೆ ಪೌಂಡಿನ ಮೂರನೇ ಎರಡು ಭಾಗ) ಹೆಚ್ಚುವರಿ ಮಂಜೂರು ಮಾಡಿದ. ಅದರ ಜೊತೆಗೆ, ಖಾಲಿ ಹಣದ ಚೀಲವನ್ನು ನಲ್ಲೆಯಂತೆ ಗೋಗರೆಯುವ ಚಾಸರನ ಕವಿತೆ ಓದಿಸಿದೆ. ತರಗತಿಯಲ್ಲಿ ನಗು ನಿಲ್ಲಲಿಲ್ಲ. ಆಂತರಿಕ ಪರೀಕ್ಷೆಯಲ್ಲಿ ಚಾಸರ್ ಪ್ರಶ್ನೆ ಬಿಟ್ಟವರು ಇಬ್ಬರೋ ಮೂವರೋ. ಹಿಂದೆಲ್ಲ ಅರ್ಧ ತರಗತಿ ಬಿಡುತ್ತಿತ್ತು. ಕಾಮರ್ಸ್‌ಗೆ ಹೋಗಿ ಎಂದವರು ಮೊನ್ನೆ ಚೀಟಿಗಳ ಕಟ್ಟು ಕೇಳಿದರು. ಚೆನ್ನಾಗಿ ಕಲಸಿ ಕೊಟ್ಟೆ.