ಮರದ ಮೇಜಿಗೆ ತಗಡಿನ ಹೊದಿಕೆ: ಕೊಡಗಿನ ಮಳೆಗಾಲಕ್ಕೂ ತಡೆಯುವ ಹಾಗೆ

ಮಡಿಕೇರಿ ಕಡೆಯ ಕೆಫೆಗಳಲ್ಲಿ, ಹೋಂಸ್ಟೇಗಳಲ್ಲಿ ತಗಡು ಹೊದಿಸಿದ ಮೇಜು ನೋಡಿದರೆ ಮನೆಗೂ ಒಂದು ಇರಲಿ ಅನ್ನಿಸುತ್ತದೆ, ಅಲ್ವಾ? ಮಾಡುವುದು ಕಷ್ಟವಲ್ಲ. ಆದರೆ ಒಣ ಊರಿನವರ ವಿಧಾನ ಇಲ್ಲಿ ನಡೆಯುವುದಿಲ್ಲ, ಕಕ್ಕಡ (ಜುಲೈ, ಆಗಸ್ಟ್ ನಡುವಿನ ಜಡಿಮಳೆಯ ತಿಂಗಳು) ಕಳೆಯುವಷ್ಟರಲ್ಲಿ ಅಂಚು ಮೇಲೆದ್ದಿರುತ್ತದೆ. ಮರ ಥಂಡಿ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ತಗಡು ಹಿಗ್ಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಅದಕ್ಕೇ ಬೀಟೆ, ಹಲಸು, ಸಿಲ್ವರ್ ಓಕ್ ಯಾವುದೇ ಇರಲಿ, ಅಗಲ ಹಲಗೆಗೆ ನೇರವಾಗಿ ತಗಡು ಅಂಟಿಸಬೇಡಿ. ಮೇಜಿನ ಅಳತೆಗೆ 12 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ ಕತ್ತರಿಸಿ, ತಗಡನ್ನು ಅದಕ್ಕೆ ಹೊದಿಸಿ, ಆಮೇಲೆ ಕೆಳಗಿನಿಂದ ಸ್ಕ್ರೂ ಹಾಕಿ ಕೂರಿಸಿ. ಹಲಗೆಯಲ್ಲಿ ಸ್ಕ್ರೂ ತೂರುವ ತೂತು ಸ್ವಲ್ಪ ದೊಡ್ಡದಿರಲಿ, ವಾಷರ್ ಹಾಕಿ. ಹಲಗೆ ತನ್ನ ಪಾಡಿಗೆ ಹಿಗ್ಗಲಿ, ಕುಗ್ಗಲಿ. ಬೀಟೆ ಮೇಜಾದರೆ ಇದರಿಂದ ಇನ್ನೊಂದು ಲಾಭ: ಮನಸ್ಸು ಬದಲಾದ ದಿನ ಬಿಚ್ಚಿಡಬಹುದು. (ಬೀಟೆಯನ್ನು ಯಾಕೆ ಮುಚ್ಚಬೇಕು ಅನ್ನುವುದು ನನ್ನ ತಕರಾರು, ಅದು ಬೇರೆ ಮಾತು.)

ತಗಡಿಗೆ ಪ್ಲೇನ್ ಜಿಐ ಶೀಟ್ (ಸತುವಿನ ಲೇಪವಿರುವ ಕಬ್ಬಿಣದ ತಗಡು), 24 ಗೇಜ್ ಕೇಳಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 26 ಕೈಗೆ ಸುಲಭವಾಗಿ ಬಗ್ಗುತ್ತದೆ, ಆದರೆ ಚೊಂಬು ಬಿದ್ದರೂ ತಗ್ಗು ಬೀಳುತ್ತದೆ. 20 ಗೇಜ್ ಆದರೆ ಮಡಿಸಲು ಫ್ಯಾಬ್ರಿಕೇಶನ್ ಅಂಗಡಿಗೇ ಹೋಗಬೇಕು. ಕಪ್ಪು ಕಬ್ಬಿಣದ ಶೀಟ್ ನೋಡಲು ಚಂದ, ನಮ್ಮ ಹವೆಗೆ ಬೇಡ, ತುಕ್ಕು ಒರೆಸುವುದೇ ಕೆಲಸವಾಗುತ್ತದೆ. ಕೆಲಸವನ್ನು ಜನವರಿ, ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ. ಕಾಫಿ ಕೊಯ್ಲಿನ ಗಡಿಬಿಡಿ ಗೊತ್ತು, ಆದರೂ ಹವೆ ಒಣಗಿರುವುದು ಆಗಲೇ.

ಪ್ಲೈವುಡ್‌ನ ನಾಲ್ಕೂ ಕಡೆ ಒಂದೊಂದು ಇಂಚು ಜಾಸ್ತಿ ಬಿಟ್ಟು ತಗಡು ಕತ್ತರಿಸಿ: ಅರ್ಧ ಇಂಚು ದಪ್ಪಕ್ಕೆ, ಉಳಿದದ್ದು ಕೆಳಗೆ ಮಡಿಸಲು. ಮೂಲೆಯ ಚೌಕ ಕತ್ತರಿಸಿ ತೆಗೆಯಿರಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಹೊಸದಾಗಿ ಕತ್ತರಿಸಿದ ಅಂಚು ಬ್ಲೇಡಿದ್ದ ಹಾಗೆ. ಅರದಿಂದ ಉಜ್ಜಿ ಮೊಂಡು ಮಾಡಿ. ಅಂಟು ಹಿಡಿಯಬೇಕಾದರೆ ಒಳಮೈಯನ್ನು ಎಮರಿ ಪೇಪರಿನಿಂದ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ.

ಅಂಟು ಫೆವಿಕಾಲ್ ಎಸ್‌ಆರ್ ತರಹದ ರಬ್ಬರ್ ಅಂಟು, ಬಿಳಿ ಫೆವಿಕಾಲ್ ಅಲ್ಲ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಿರಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ಬೀಡಿ ಯಾವುದೂ ಬೇಡ. ಈ ಅಂಟಿನ ಗುಣ ಏನೆಂದರೆ ಒಮ್ಮೆ ಕೂತರೆ ಕೂತಿತು, ಸರಿಸಲು ಆಗುವುದಿಲ್ಲ. ಅದಕ್ಕೊಂದು ಉಪಾಯ: ಪ್ಲೈವುಡ್ ಮೇಲೆ ಗೇಣಿಗೊಂದರಂತೆ ಒಣ ಬಿದಿರಿನ ಕಡ್ಡಿ ಅಡ್ಡ ಇಟ್ಟು ಅದರ ಮೇಲೆ ತಗಡು ಹರಡಿ. ಒಣಗಿದ ಅಂಟು ಅಂಟಿಗೇ ಹಿಡಿಯುತ್ತದೆ, ಕಡ್ಡಿಗೆ ಅಷ್ಟಾಗಿ ಅಲ್ಲ. ನಾಲ್ಕೂ ಅಂಚು ಸರಿಯಾಗಿದೆ ಅಂತ ಕಂಡ ಮೇಲೆ ನಡುವಿನ ಕಡ್ಡಿ ಎಳೆದು ಒತ್ತಿ, ಹಾಗೇ ಎರಡೂ ಕಡೆಗೆ ಒಂದೊಂದೇ ಎಳೆಯುತ್ತಾ ಹೋಗಿ. ಗಾಳಿ ಸಿಕ್ಕಿಕೊಳ್ಳುವುದಿಲ್ಲ.

ಮಡಿಸುವಾಗ ಸುತ್ತಿಗೆ ನೇರ ಬೀಳಬಾರದು. ಮರದ ತುಂಡು ಅಡ್ಡ ಹಿಡಿದು, ಅಂಚಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಡಿಯಿರಿ, ಒಂದೇ ಕಡೆ ಪೂರ್ತಿ ಬಗ್ಗಿಸಿದರೆ ತಗಡು ಅಲೆಯಾಗುತ್ತದೆ. ಕೆಳಗೆ ಮಡಿಸಿದ ಪಟ್ಟಿಗೆ ಚಿಕ್ಕ ಸ್ಕ್ರೂ ಸಾಕು. ಕಾರ್ಖಾನೆಯ ಮೇಜಿನ ಕಳೆ ಬೇಕಿದ್ದರೆ ಮೇಲಂಚಿನಲ್ಲಿ ಮೂರು ಇಂಚಿಗೊಂದು ಗುಂಡುತಲೆಯ ಸ್ಕ್ರೂ ಹಾಕಿ, ತೂತು ಮೊದಲೇ ಕೊರೆದಿರಿ.

ಪ್ಲೈವುಡ್‌ನ ಅಡಿಗೂ ಮೇಜಿನ ಅಡಿಗೂ ಎರಡು ಕೋಟ್ ವಾರ್ನಿಷ್ ಹೊಡೆಯಿರಿ. ಯಾರೂ ನೋಡುವುದಿಲ್ಲ ಅಂತ ಬಿಡುವವರೇ ಜಾಸ್ತಿ, ಥಂಡಿ ನುಗ್ಗುವುದು ಅಲ್ಲಿಂದಲೇ. ಮೇಲ್ಮೈಗೆ ಮ್ಯಾಟ್ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್, ಅಂದರೆ ಹೊಳಪಿಲ್ಲದ ಪಾರದರ್ಶಕ ಲೇಪ ಕೊಡಿ. ಇಲ್ಲದಿದ್ದರೆ ಪಂದಿ ಕರಿ (ಹಂದಿ ಮಾಂಸದ ಸಾರು) ಬಡಿಸುವಾಗ ಚೆಲ್ಲಿದ ಹನಿ ಒರೆಸದೆ ಬಿಟ್ಟರೆ, ಅದರಲ್ಲಿರುವ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ತಗಡಿನ ಸತುವನ್ನು ತಿಂದು ಬೂದು ಕಲೆ ಮಾಡುತ್ತದೆ. ನಿಂಬೆರಸವೂ ಅಷ್ಟೇ. ಕಲೆಯೇ ಚಂದ ಅನ್ನುವವರು ಕೋಟ್ ಬಿಟ್ಟುಬಿಡಿ, ಆದರೆ ಆಹಾರವನ್ನು ನೇರ ತಗಡಿನ ಮೇಲೆ ಇಡಬೇಡಿ. ಒಲೆಯಿಂದ ಇಳಿಸಿದ ಪಾತ್ರೆಗಂತೂ ಮಣೆ ಬೇಕೇ ಬೇಕು, ಬಿಸಿಗೆ ಒಳಗಿನ ಅಂಟು ಮೆತ್ತಗಾಗುತ್ತದೆ.