ನವೆಂಬರ್‌ನಲ್ಲಿ ಮಲಗೋ ಟ್ರೇಲರ್ (ಗಾಡಿ ಹಿಂದೆ ಕಟ್ಟೋ ಪುಟ್ಟ ಮನೆ) ಎಳ್ಕೊಂಡು ಹಿಮಾಚಲಕ್ಕೆ ಹೊರಟಿರೋ ನಮ್ಮ ಕಡೆಯವ್ರಿಗೆ

ಮೊದ್ಲೇ ಹೇಳ್ಬಿಡ್ತೀನಿ, ಚಳಿ ಬೇರೆ, ಥಂಡಿ ಅಂದ್ರೆ ತೇವ ಬೇರೆ. ಶಿರಸಿ, ಸಿದ್ದಾಪುರದವ್ರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಆಷಾಢದಲ್ಲಿ ಮಡಿಚಿಟ್ಟ ಪಂಚೆಗೂ ಬೂಷ್ಟು ಬರೋ ಊರು ನಮ್ದು. ಇಷ್ಟೆಲ್ಲಾ ಗೊತ್ತಿದ್ದೂ ನಾನು, ನಮ್ಮ ಭಾವ ಮೊದಲ ಸಲ ಮನಾಲಿ ಆಚೆ ಸಿಸ್ಸುನಲ್ಲಿ ಟ್ರೇಲರ್ ನಿಲ್ಸಿದಾಗ ಕಿಟಕಿ ಎಲ್ಲಾ ಗಟ್ಟಿ ಮುಚ್ಚಿ, ಸಂದಿಗೆ ಟವೆಲ್ ಬೇರೆ ತುರುಕಿ ಮಲಗಿದ್ವಿ. ಬೆಳಗಿನ ಜಾವ ನಾಲ್ಕಕ್ಕೆ ಭಾವ ಎದ್ದು ಕೂತು "ಒಳಗೇ ಮಳೆ ಬತ್ತಾ ಇದ್ದಲೋ" ಅಂದ. ಚಾವಣಿಯಿಂದ ತೊಟ್ ತೊಟ್, ಹಾಸಿಗೆ ಅಡಿಯ ಪ್ಲೈವುಡ್ ಪೂರ್ತಿ ಒದ್ದೆ, ಕಿಟಕಿ ಅಲ್ಯುಮಿನಿಯಂ ಮೇಲೆ ನಿಂತ ಹನಿ ಹಂಗೇ ಗಡ್ಡೆ ಕಟ್ಟಿತ್ತು. ನಮ್ಮಿಬ್ಬರ ಉಸಿರು, ಮತ್ತೆ ರಾತ್ರಿ ಬೇಯಿಸಿದ ಗಂಜಿಯ ಹಬೆ, ಅಷ್ಟೇ ಅದು.

ಹಂಗಾಗಿ ಎಷ್ಟೇ ಚಳಿ ಇದ್ರೂ ಮೇಲಿನ ವೆಂಟ್ ಎರಡು ಬೆರಳು, ಅದ್ರ ಎದುರು ಬದಿ ಕಿಟಕಿ ಒಂದು ಬೆರಳು ತೆಗೆದಿಡಿ. ಹಾಸಿಗೆ ಅಡಿ ಗಾಳಿ ಆಡ್ಬೇಕು, ಅದಕ್ಕೆ ನಾವು ಅದ್ರ ಮುಂದಿನ ವರ್ಷ ತೋಟದ ಅಡಕೆ ಮರದ ದಬ್ಬೆನೇ ಸೀಳಿ, ಕೆತ್ತಿ ನುಣ್ಣಗೆ ಮಾಡಿ, ಬೆರಳಗಲ ಸಂದಿ ಬಿಟ್ಟು ಅಡ್ಡಡ್ಡ ಹೊಡೆದ್ವಿ, ಖರ್ಚು ಬರೀ ಮೊಳೆದು, ಆಮೇಲೆ ಹಾಸಿಗೆ ಒದ್ದೆ ಆಗಿಲ್ಲ. ಕಿಟಕಿ ಗಾಜಿಗೆ ಯೋಗ ಮ್ಯಾಟ್ ಅಳತೆಗೆ ಕತ್ತರಿಸಿ ಒತ್ತಿಡಿ. ಅಡುಗೆ ಆದಷ್ಟೂ ಹೊರಗೆ ಮಾಡಿ.

ಇನ್ನು ಬೆಂಕಿ. ಅಲ್ಲಿ ಯಾರಾದ್ರೂ ಪ್ರೀತಿಯಿಂದ ಇದ್ದಿಲಿನ ಅಂಗೀಠಿ (ಅಗ್ಗಿಷ್ಟಿಕೆ) ಕೊಡ್ತಾರೆ, ನಮಗೂ ಬಚ್ಚಲ ಒಲೆ ಮುಂದೆ ಕೂತ ಅಭ್ಯಾಸ, ಒಳಗೆ ತಗೊಳ್ಳೋಣ ಅನ್ಸುತ್ತೆ. ಖಂಡಿತ ಬೇಡ. ಇದ್ದಿಲಿಂದ ಬರೋ ಕಾರ್ಬನ್ ಮೋನಾಕ್ಸೈಡ್ (ಸಿಒ) ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ, ಗ್ಯಾಸ್ ಒಲೆ ಹಚ್ಚಿಟ್ಟು ಮಲಗೋದೂ ಅಷ್ಟೇ ಅಪಾಯ. ಒಂದು ಸಿಒ ಅಲಾರ್ಮ್ ಹಾಕ್ಸಿ, ಮೈಗೆ ಕಂಬಳಿ ಮೇಲೆ ಕಂಬಳಿ ಹೊದ್ಕೊಳ್ಳಿ, ಕಾಲ ಹತ್ರ ಬಿಸಿನೀರಿನ ರಬ್ಬರ್ ಚೀಲ ಇಟ್ಕೊಳ್ಳಿ, ಸಾಕು.

ಗ್ಯಾಸ್ ಕೂಡ ಕೈಕೊಡುತ್ತೆ. ಸಿಲಿಂಡರ್‌ನಲ್ಲಿರೋ ಬ್ಯುಟೇನ್ ಸೊನ್ನೆ ಡಿಗ್ರಿ ಹತ್ರ ಬಂದ್ರೆ ಆವಿನೇ ಆಗಲ್ಲ, ಪ್ರೊಪೇನ್ ಆದ್ರೆ ಮೈನಸ್ 42ರವರೆಗೂ ಆಗುತ್ತೆ. ಸಿಲಿಂಡರ್ ತುಂಬಿದ್ರೂ ಒಲೆ ಮಿಣುಕ್ ಮಿಣುಕ್ ಅಂದ್ರೆ ಇದೇ ಕಾರಣ. ಉಗುರು ಬೆಚ್ಚಗಿನ ನೀರಿನ ಟಬ್‌ನಲ್ಲಿ ಸಿಲಿಂಡರ್ ನಿಲ್ಸಿ, ಬೆಂಕಿ ತೋರ್ಸೋಕೆ ಹೋಗ್ಬೇಡಿ. 3,000 ಮೀಟರ್ ಮೇಲೆ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ, ಕಾರವಾರ, ಕುಮಟಾದವ್ರು ಕುಚ್ಚಲಕ್ಕಿ ತಗೊಂಡು ಹೋದ್ರೆ ಕುಕ್ಕರ್ ಬೇಕೇ ಬೇಕು. ಕೊಬ್ಬರಿ ಎಣ್ಣೆ ಅಗಲ ಬಾಯಿ ಡಬ್ಬಿಗೆ ಹಾಕ್ಕೊಳ್ಳಿ, ಬಾಟ್ಲಿಲಿ ಇದ್ರೆ ಕಲ್ಲಾಗಿ ಕೂತು ಬರೋದೇ ಇಲ್ಲ, ಚಾಕು ಹಾಕಿ ಕೆರೆದಿದ್ದೀವಿ.

ನೀರಿನ ಟ್ಯಾಂಕ್, ಪೈಪ್ ರಾತ್ರಿ ಖಾಲಿ ಮಾಡಿ, ನಲ್ಲಿ ತೆರೆದಿಡಿ. ಕುಡಿಯೋ ನೀರು ಕ್ಯಾನ್‌ನಲ್ಲಿ, ಒಳಗೆ, ಪೂರ್ತಿ ತುಂಬ್ದೆ ಇಡಿ, ಯಾಕಂದ್ರೆ ನೀರು ಗಡ್ಡೆ ಆದ್ರೆ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಸೋರದ ಮುಚ್ಚಳ ಇದ್ರೆ ಬೋರಲು ಇಡಿ, ಗಡ್ಡೆ ಕಟ್ಟೋದು ಮೇಲಿನಿಂದ, ಬೆಳಿಗ್ಗೆ ಬಾಯಿ ಕಡೆ ನೀರೇ ಇರುತ್ತೆ. ಲಿಥಿಯಂ ಬ್ಯಾಟರಿನ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದ್ರೆ ಹಾಳು, ಬಿಸಿಲು ಬಂದು ಒಳಗೆ ಬೆಚ್ಚಗಾದ್ಮೇಲೆ ಸೋಲಾರ್ ಆನ್ ಮಾಡಿ.

ಓಡ್ಸೋದ್ರ ಬಗ್ಗೆ ಹೇಳಿದ್ರೆ, ಟ್ರೇಲರ್‌ಗೂ ರಿಜಿಸ್ಟ್ರೇಷನ್ ಬೇಕು, ಅದನ್ನ ಮೊದ್ಲು ಮುಗ್ಸಿ. ಅದ್ರ ಒಟ್ಟು ತೂಕದಲ್ಲಿ ಶೇ. 10ರಿಂದ 15 ಹುಕ್ ಮೇಲೆ ಬೀಳ್ಬೇಕು, ಹಿಂದೆ ಭಾರ ಹೆಚ್ಚಾದ್ರೆ ಹಾವಿನ ಹಂಗೆ ಹೊಯ್ದಾಡುತ್ತೆ. ಹೋಗೋ ಮುಂಚೆ ಒಂದ್ಸಲ ಪೂರ್ತಿ ಲೋಡ್ ಹಾಕಿ ಅರಬೈಲ್ ಘಟ್ಟ ಇಳಿಸಿ ನೋಡಿ, ಸಣ್ಣ ಗೇರಲ್ಲಿ, ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇರ್ದೆ. ಅಲ್ಲಿ ಕೈ ನಡುಗಿದ್ರೆ ಟ್ರೇಲರ್ ಮನೇಲೇ ಬಿಟ್ಟು ಹೋಗೋದು ವಾಸಿ. ಅಟಲ್ ಸುರಂಗ, 9.02 ಕಿಲೋಮೀಟರ್, 2020ರಲ್ಲಿ ಶುರುವಾಗಿದ್ದು, ಅದರಿಂದ ಸಿಸ್ಸು ಈಗ ಹತ್ರ, ಆದ್ರೆ ಹಿಮ ಬಿದ್ರೆ ಪೊಲೀಸ್ರು ತಡೀತಾರೆ, ಎರಡು ದಿನದ ಊಟ ಹೆಚ್ಚಿಗೆ ಇರ್ಲಿ. ಡೀಸೆಲ್ ಚಳಿಗೆ ಮೇಣ ಕಟ್ಟುತ್ತೆ, ಬಯಲುಸೀಮೆ ಡೀಸೆಲ್ ತೀರಿಸ್ಕೊಂಡು ಮೇಲೆ ಹೋದ್ಮೇಲೆ ಅಲ್ಲಿನ ಬಂಕಲ್ಲೇ ತುಂಬ್ಸಿ. ರಾತ್ರಿ ಹ್ಯಾಂಡ್‌ಬ್ರೇಕ್ ನಂಬ್ಕೊಂಡು ನಿಲ್ಸಬೇಡಿ, ಒದ್ದೆ ಕೇಬಲ್ ಹಿಡ್ಕೊಂಡ್ಬಿಡುತ್ತೆ, ಸಮ ಜಾಗ ನೋಡಿ ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ವಾಪಸ್ ಬಂದ್ಮೇಲೆ ಟ್ರೇಲರ್ ಹಂಗೇ ಮುಚ್ಚಿಡ್ಬೇಡಿ, ಹಾಸಿಗೆ, ಕಂಬಳಿ ಎಲ್ಲಾ ಎರಡು ದಿನ ಬಿಸಿಲಿಗೆ ಹಾಕಿ. ಅಂಗಳದ ತುಂಬಾ ಅಡಕೆ ಹರವಿರ್ತಾರೆ ಅಷ್ಟೊತ್ತಿಗೆ, ಅಮ್ಮ ಜಾಗ ಬಿಡಲ್ಲ, ನಾನಂತೂ ಬೇಲಿ ಬಾಗಿಲ ದಣಪೆ ಮೇಲೆ ಒಣಗ್ಸಿದ್ದು.